ಬಿಯರ್ 1.024ರಲ್ಲೇ ಕೂತಿದೆ: ಕಾಯುವುದೋ, ಕದಡುವುದೋ, ಹೊಸ ಯೀಸ್ಟ್ ಹಾಕುವುದೋ?

ಮನೆಯಲ್ಲಿ ಹುದುಗಿಟ್ಟ ಬಿಯರಿನ ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ; ಯೀಸ್ಟ್ ಸಕ್ಕರೆ ತಿಂದಂತೆ ಇಳಿಯುತ್ತದೆ) 1.060ರಲ್ಲಿ ಶುರುವಾಗಿ ನಾಲ್ಕನೇ ದಿನಕ್ಕೆ 1.024ಕ್ಕೆ ಇಳಿಯಿತು. ಹತ್ತನೇ ದಿನವೂ ಅದೇ ಅಂಕಿ. ರೆಸಿಪಿಯಲ್ಲಿ ಬರೆದಿದ್ದು 1.014. ಈ ಹೊತ್ತಿನಲ್ಲಿ ಸಲಹೆಗಳಿಗೇನೂ ಬರವಿಲ್ಲ. ಸುಮ್ಮನೆ ಬಿಡಿ, ಬೆಚ್ಚಗಿಡಿ, ಅಲುಗಾಡಿಸಿ, ಪೋಷಕಾಂಶ ಹಾಕಿ, ಸಕ್ಕರೆ ಹಾಕಿ, ಗಾಳಿ ಊದಿ, ಶಾಂಪೇನ್ ಯೀಸ್ಟ್ ಹಾಕಿ, ಎಂಜೈಮ್ ಹಾಕಿ. ಇವುಗಳಲ್ಲಿ ಹೆಚ್ಚಿನವು ಯಾವುದಾದರೊಂದು ಪರಿಸ್ಥಿತಿಗೆ ಸರಿಯೇ. ಎರಡು ಮಾತ್ರ ಯಾವ ಪರಿಸ್ಥಿತಿಗೂ ಆಗಿಬರುವುದಿಲ್ಲ, ಅವು ಯಾವುವೆಂದು ಮುಂದೆ ನೋಡೋಣ. ಮದ್ದು ಕೆಲಸ ಮಾಡದಿದ್ದರೆ ಬಹಳ ಸಲ ತಪ್ಪು ಮದ್ದಿನದಲ್ಲ, ಕಾಯಿಲೆ ಯಾವುದೆಂದು ನೋಡದೆ ಕೊಟ್ಟವರದು.

ಕಾಯಿಲೆಗಳು ಎರಡೇ. ವೋರ್ಟ್‌ನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳಾದ ಮಾಲ್ಟ್‌ನ ಸಿಹಿ ರಸದಲ್ಲಿ, ತಿನ್ನಲು ಸಕ್ಕರೆ ಉಳಿದಿದ್ದೂ ಯೀಸ್ಟ್ ಮಲಗಿಬಿಟ್ಟಿರುವುದು ಒಂದು. ಯೀಸ್ಟ್ ಗಟ್ಟಿಯಾಗಿಯೇ ಇದ್ದು, ಉಳಿದಿರುವ ಸಕ್ಕರೆ ಅದರ ಬಾಯಿಗೆ ಹಿಡಿಯದಿರುವುದು ಇನ್ನೊಂದು. ಮೊದಲನೆಯದಕ್ಕೆ ಯೀಸ್ಟ್ ಕಡೆಯ ಉಪಾಯ ಬೇಕು. ಎರಡನೆಯದಕ್ಕೆ ಎಷ್ಟು ಯೀಸ್ಟ್ ಸುರಿದರೂ ದಂಡ.

ಮೊದಲು: ನಿಜಕ್ಕೂ ನಿಂತಿದೆಯೇ?

ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಬಿಟ್ಟು ಗಾಳಿ ತಡೆಯುವ ನೀರಿನ ಕೊಳವೆ) ಗುಳ್ಳೆ ಬರುತ್ತಿಲ್ಲ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಮುಚ್ಚಳದ ರಬ್ಬರ್ ಕೂದಲೆಳೆಯಷ್ಟು ಸರಿದಿದ್ದರೂ ಗ್ಯಾಸ್ ಅಲ್ಲಿಂದಲೇ ಹೋಗುತ್ತದೆ. ಉಲ್ಟಾ, ಹುದುಗು ಮುಗಿದ ಮೇಲೆ ಕೋಣೆ ಬೆಚ್ಚಗಾದರೆ ಕರಗಿದ್ದ ಗ್ಯಾಸ್ ಹೊರಬಂದು ಗುಳ್ಳೆ ಏಳುವುದೂ ಉಂಟು. ನಂಬಬೇಕಾದ್ದು ಸಾಂದ್ರತೆ ಅಳೆಯುವ ತೇಲುಗೋಲಾದ ಹೈಡ್ರೋಮೀಟರನ್ನು ಮಾತ್ರ, ಅದೂ ಸರಿಯಾಗಿ ಬಳಸಿದರೆ.

ಹುದುಗಿನ ಪಾತ್ರೆಯಾದ ಫರ್ಮೆಂಟರ್‌ನಿಂದ ನೇರ ತೆಗೆದ ಬಿಯರಿನಲ್ಲಿ ಗ್ಯಾಸ್ ತುಂಬಿರುತ್ತದೆ. ಹೈಡ್ರೋಮೀಟರನ್ನು ಬಿಟ್ಟ ಅರೆಗಳಿಗೆಯಲ್ಲೇ ಅದರ ಹೊಟ್ಟೆಗೆ ಸಣ್ಣ ಸಣ್ಣ ಗುಳ್ಳೆಗಳು ಸಾಸಿವೆ ಮೆತ್ತಿದಂತೆ ಅಂಟಿಕೊಂಡು ಅದನ್ನು ಮೇಲಕ್ಕೆತ್ತುತ್ತವೆ. ಓದು ಎರಡು ಮೂರು ಪಾಯಿಂಟ್ (ಒಂದು ಪಾಯಿಂಟ್ ಎಂದರೆ 0.001) ಹೆಚ್ಚಾಗಿ ಕಾಣುತ್ತದೆ. ಎರಡು ಲೋಟಗಳ ನಡುವೆ ಹತ್ತು ಹದಿನೈದು ಸಲ ಎತ್ತಿ ಸುರಿದು ಗ್ಯಾಸ್ ಬಿಡಿಸಿ, ನೊರೆ ಇಳಿದ ಮೇಲೆ ಹೈಡ್ರೋಮೀಟರನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಟ್ಟು ನೋಡಿ. ಸ್ಯಾಂಪಲ್ 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಲಿ. ಉಪಕರಣವೇ ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿಪಡಿಸಿಕೊಳ್ಳಲು ಅದೇ ತಾಪಮಾನದ ಬರೀ ನೀರಿನಲ್ಲಿ ಬಿಡಿ. 1.000 ಬರಬೇಕು, 1.003 ಬಂದರೆ ಮೂರು ಪಾಯಿಂಟ್ ಕಳೆಯಿರಿ. ಒಳಗಿನ ಕಾಗದದ ಅಳತೆಪಟ್ಟಿ ಜಾರಿ ಹೀಗಾಗುವುದು ಅಪರೂಪವೇನಲ್ಲ.

ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಮಾತ್ರ ಇರುವವರು ಇನ್ನೂ ಎಚ್ಚರದಿಂದಿರಬೇಕು. ಆಲ್ಕೋಹಾಲ್ ಬೆಳಕನ್ನು ಬೇರೆ ರೀತಿ ಬಾಗಿಸುವುದರಿಂದ ಹುದುಗು ಶುರುವಾದ ಮೇಲೆ ಅದರ ಓದು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. 12.4 ಬ್ರಿಕ್ಸ್‌ನಲ್ಲಿ (ಅಂದರೆ 1.050) ಶುರುವಾದ ಬಿಯರ್ ಈಗ 6.5 ತೋರಿಸುತ್ತಿದ್ದರೆ, ಪಟ್ಟಿ ನೋಡಿ 1.026 ಎಂದು ಗಾಬರಿಯಾಗುತ್ತೀರಿ. ತಿದ್ದುಪಡಿ ಸೂತ್ರ ಹಾಕಿದರೆ ಅದು ಸುಮಾರು 1.012, ಅಂದರೆ ಬಿಯರ್ ಮುಗಿದಿದೆ. "ನಿಂತುಹೋಯಿತು" ಎಂಬ ದೂರುಗಳಲ್ಲಿ ಒಂದಷ್ಟು ಇಲ್ಲೇ ಬಗೆಹರಿಯುತ್ತವೆ.

ಸರಿಯಾಗಿ ತೆಗೆದ ಎರಡು ಓದು, ನಡುವೆ ಮೂರು ದಿನದ ಅಂತರ, ಎರಡೂ ಒಂದೇ ಅಂಕಿ, ಅದೂ ಗುರಿಗಿಂತ ಐದಾರು ಪಾಯಿಂಟ್ ಮೇಲೆ. ಇಷ್ಟಿದ್ದರೆ ಮುಂದೆ ಓದಿ.

ಯಾವ ಅಳತೆಗೋಲಿಂದ ಆರಿಸುವುದು

ದಾರಿಗಳನ್ನು ತೂಗುವ ಮೊದಲು ಐದು ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿರಬೇಕು. ಯೀಸ್ಟ್ ತಿನ್ನಬಲ್ಲ ಸಕ್ಕರೆ ಉಳಿದಿದೆಯೇ? ಗುರಿಗೆ ಎಷ್ಟು ಪಾಯಿಂಟ್ ಬಾಕಿ? ಬಾಟಲಿಗೆ ತುಂಬುವಿರೋ, ಕೆಗ್‌ಗೋ (ವಾಲ್ವ್ ಇರುವ ಒತ್ತಡದ ಪೀಪಾಯಿ)? ಬಿಯರಿನಲ್ಲಿ ಈಗಾಗಲೇ ಎಷ್ಟು ಆಲ್ಕೋಹಾಲ್ ಇದೆ? ಮಾಡಹೊರಟದ್ದನ್ನು ಆಮೇಲೆ ಹಿಂದಕ್ಕೆ ತೆಗೆಯಬಹುದೇ? ಕೊನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಆದರೆ ಎಂಜೈಮ್ ವಿಷಯಕ್ಕೆ ಬಂದಾಗ ಅದೇ ದೊಡ್ಡದಾಗುತ್ತದೆ. ಖರ್ಚು ಇವೆಲ್ಲದರ ನಂತರ ಬರುವ ಮಾತು. ಅತಿ ದುಬಾರಿ ಉಪಾಯವೂ ಎರಡು ಪೊಟ್ಟಣ ಒಣ ಯೀಸ್ಟ್ ಮತ್ತು ಒಂದಿಷ್ಟು ಮಾಲ್ಟ್ ಪುಡಿಯನ್ನು ದಾಟುವುದಿಲ್ಲ.

ಬಾಕಿ ಎಷ್ಟೆಂಬುದನ್ನು ಶೇಕಡಾವಾರು ಇಳಿಕೆಯಲ್ಲಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇಳಿದ ಪಾಯಿಂಟ್‌ಗಳನ್ನು ಮೊದಲಿದ್ದ ಪಾಯಿಂಟ್‌ಗಳಿಂದ ಭಾಗಿಸಿ. 60ರಿಂದ 24ಕ್ಕೆ ಇಳಿದರೆ 36 ಭಾಗಿಸು 60, ಅಂದರೆ ಶೇ. 60. 14ಕ್ಕೆ ಇಳಿದಿದ್ದರೆ ಶೇ. 77. ಮಾಮೂಲಿ ಏಲ್ (ಬೆಚ್ಚಗೆ ಹುದುಗುವ ಬಿಯರ್) ಯೀಸ್ಟ್‌ಗಳು ಶೇ. 72ರಿಂದ 80 ಕೊಡುತ್ತವೆ. ಆದರೆ ವಿಂಡ್ಸರ್, ಲಂಡನ್ ಇಎಸ್‌ಬಿ ಎಂಬ ಒಣ ಯೀಸ್ಟ್‌ಗಳಿಗೆ ಮಾಲ್ಟೋಟ್ರಯೋಸ್ ಎಂಬ ಮೂರು ಕೊಂಡಿಯ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಲು ಬರುವುದಿಲ್ಲ. ಮಾಲ್ಟ್ ವೋರ್ಟ್‌ನ ಸಾರದಲ್ಲಿ ಈ ಸಕ್ಕರೆಯ ಪಾಲು ಸುಮಾರು ಶೇ. 15. ವಿಂಡ್ಸರ್ ಹಾಕಿದ ಬಿಯರ್ ಶೇ. 67ರಲ್ಲಿ ನಿಂತರೆ ಅದು ನಿಂತದ್ದಲ್ಲ, ಅದರ ಸ್ವಭಾವವೇ ಅಷ್ಟು. ಪೊಟ್ಟಣದ ಮೇಲಿನ ಅಂಕಿಯನ್ನು ಈಗಲಾದರೂ ಓದಿ. ರೆಸಿಪಿಯಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇದೆಯೇ ಎಂದೂ ನೋಡಿ. 20 ಲೀಟರಿಗೆ 500 ಗ್ರಾಂ ಲ್ಯಾಕ್ಟೋಸ್ ಹಾಕಿದ್ದರೆ ಸುಮಾರು 9 ಪಾಯಿಂಟ್ ಯಾವತ್ತೂ ಇಳಿಯದು, ಬಿಯರ್ ಯೀಸ್ಟ್ ಅದನ್ನು ಮುಟ್ಟುವುದೇ ಇಲ್ಲ.

ಇನ್ನು ಮೊದಲ ಪ್ರಶ್ನೆ. ಇದಕ್ಕೆ ಊಹೆ ಬೇಡ, ಪರೀಕ್ಷೆಯೇ ಇದೆ. ನಿಂತ ಬಿಯರನ್ನು 250 ಮಿಲಿ ತೆಗೆದು ಶುಚಿ ಮಾಡಿದ ಬಾಟಲಿಗೆ ಹಾಕಿ. 2–3 ಗ್ರಾಂ ಒಣ ಏಲ್ ಯೀಸ್ಟನ್ನು ಸ್ವಲ್ಪ ಬೆಚ್ಚಗಿನ ನೀರಲ್ಲಿ ನೆನೆಸಿ ಅದಕ್ಕೆ ಸೇರಿಸಿ. ಯುಎಸ್-05ರಂಥ ಚೆನ್ನಾಗಿ ತಿನ್ನುವ ಜಾತಿಯಾಗಿರಲಿ. ಇಷ್ಟು ಬಿಯರಿಗೆ ಇದು ಅತಿಯಾಯಿತು, ನಮಗೆ ಬೇಕಿರುವುದೂ ಅತಿಯೇ. ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ, 24–26 ಡಿಗ್ರಿಯಲ್ಲಿಟ್ಟು, ಕಂಡಾಗೆಲ್ಲ ಅಲುಗಿಸುತ್ತಿರಿ. ಎರಡು ಮೂರು ದಿನದಲ್ಲಿ ಅದು ತನ್ನ ತಳ ಮುಟ್ಟುತ್ತದೆ. ಗಸಿ ಕೂರಲು ಬಿಟ್ಟು, ತಿಳಿಯನ್ನು ಬಗ್ಗಿಸಿ, ಗ್ಯಾಸ್ ಬಿಡಿಸಿ ಅಳೆಯಿರಿ. 1.015ಕ್ಕೆ ಇಳಿದಿದ್ದರೆ ಸಕ್ಕರೆ ಇತ್ತು, ತಪ್ಪು ಯೀಸ್ಟಿನದು. 1.022ರಲ್ಲೇ ನಿಂತಿದ್ದರೆ ತಪ್ಪು ವೋರ್ಟಿನದು. ಬಹುಶಃ ಮ್ಯಾಶ್ (ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಸಕ್ಕರೆ ಬಿಡಿಸುವ ಹಂತ) ತೀರಾ ಬಿಸಿಯಾಗಿತ್ತು, ಅಥವಾ ಹುದುಗದ ಸಕ್ಕರೆ ಹೆಚ್ಚಿರುವ ಕ್ರಿಸ್ಟಲ್ ಮಾಲ್ಟ್ ಕೈತಪ್ಪಿ ಹೆಚ್ಚಾಗಿತ್ತು. ನೀರು ಸೇರಿದ್ದರಿಂದ ಒಂದರ್ಧ ಪಾಯಿಂಟಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಅಳೆದ ಸ್ಯಾಂಪಲನ್ನು ಚೆಲ್ಲಿಬಿಡಿ, ಫರ್ಮೆಂಟರ್‌ಗೆ ವಾಪಸ್ ಸುರಿಯಬೇಡಿ.

ಈ ಪರೀಕ್ಷೆಯನ್ನು ಬಿಟ್ಟು ನೇರ ಮದ್ದಿಗೆ ಹೋಗುವವರೇ ಹೆಚ್ಚು. ಎರಡು ದಿನ ಉಳಿಸಲು ಹೋಗಿ ಎರಡು ವಾರ ಕಳೆದುಕೊಳ್ಳುವ ವ್ಯವಹಾರ ಅದು.

ದಾರಿ ಒಂದು: ಬೆಚ್ಚಗೆ ಮಾಡಿ, ಕದಡಿ, ಕಾಯುವುದು

ಖರ್ಚಿಲ್ಲ, ಬಿಯರಿಗೆ ಅಪಾಯವೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಯೀಸ್ಟ್ ಮಲಗಿದ ಪ್ರಕರಣಗಳಲ್ಲಿ ಮೊದಲ ಸರದಿ ಇದರದೇ. ಪರೀಕ್ಷೆಯ ಬಾಟಲಿ ಕೆಲಸ ಮಾಡುತ್ತಿರುವಾಗಲೇ ಇದನ್ನೂ ಶುರುಮಾಡಬಹುದು.

ಯೀಸ್ಟ್ ಯಾಕೆ ಮಲಗುತ್ತದೆಂದು ತಿಳಿದರೆ ಇದು ಯಾವಾಗ ಫಲಿಸುತ್ತದೆಂದೂ ತಿಳಿಯುತ್ತದೆ. ಹುದುಗು ಜೋರಾಗಿರುವಾಗ ಬಿಯರ್ ತಾನೇ ಬಿಸಿ ಹುಟ್ಟಿಸಿಕೊಂಡು ಹೊರಗಿನ ಗಾಳಿಗಿಂತ ಮೂರು ನಾಲ್ಕು ಡಿಗ್ರಿ ಬೆಚ್ಚಗಿರುತ್ತದೆ. ಮೂರನೇ ನಾಲ್ಕನೇ ದಿನ ಆ ರಭಸ ಇಳಿಯುತ್ತಿದ್ದಂತೆ ಬಿಯರೂ ತಣ್ಣಗಾಗುತ್ತದೆ. ಯೀಸ್ಟಿಗೆ ಇದು ಮಲಗುವ ಸೂಚನೆ. ಎಸ್-04ರಂಥ ಇಂಗ್ಲಿಷ್ ಜಾತಿಗಳು ಹುಟ್ಟಾ ಗಟ್ಟಿಯಾಗಿ ತಳ ಹಿಡಿಯುವವು. ಎರಡು ಡಿಗ್ರಿ ಇಳಿದರೂ ಸಾಕು, ಕೆಲಸ ಅರ್ಧಕ್ಕೇ ಬಿಟ್ಟು ತಳದಲ್ಲಿ ಕೆಸರಿನಂತೆ ಕೂತುಬಿಡುತ್ತವೆ. ಇಂಥ ನಿಲುಗಡೆಗೆ ಬೆಚ್ಚಗೆ ಮಾಡಿ ಕದಡುವುದು ಹೇಳಿಮಾಡಿಸಿದ ಮದ್ದು.

ಏಲ್ ಆದರೆ 21–23 ಡಿಗ್ರಿಗೆ, ತಂಪಿನಲ್ಲಿ ಹುದುಗುವ ಲಾಗರ್ ಆದರೆ 16–18ಕ್ಕೆ, ದಿನಕ್ಕೆ ಎರಡು ಡಿಗ್ರಿಯಂತೆ ಏರಿಸಿ. ಘಾಟು ವಾಸನೆ ಬಂದೀತೆಂಬ ಅಂಜಿಕೆ ಬೇಡ. ಆ ವಾಸನೆಗಳು ಬಹುಪಾಲು ಹುಟ್ಟುವುದು ಯೀಸ್ಟ್ ಬೆಳೆಯುವ ಮೊದಲ ಎರಡು ಮೂರು ದಿನಗಳಲ್ಲಿ, ಆ ಘಟ್ಟ ಈಗ ದಾಟಿಯಾಗಿದೆ. ಕದಡುವಾಗ ಮುಚ್ಚಳ ತೆಗೆಯುವ ಅಗತ್ಯವಿಲ್ಲ. ಏರ್‌ಲಾಕ್ ಇದ್ದ ಹಾಗೆಯೇ ಪಾತ್ರೆಯನ್ನು ಅಂಚಿನ ಮೇಲೆ ವಾಲಿಸಿ ನಿಧಾನ ತಿರುಗಿಸಿ, ತಳದ ಗಸಿ ಮೋಡದಂತೆ ಮೇಲೆದ್ದರೆ ಸಾಕು. ದಿನಕ್ಕೆ ಎರಡು ಸಲ, ನಾಲ್ಕೈದು ದಿನ. ಚಮಚ ಹಾಕಲೇಬೇಕಾದರೆ ಸ್ಯಾನಿಟೈಸ್ ಮಾಡಿ, ತಳದಲ್ಲಿ ಮಾತ್ರ ಆಡಿಸಿ. ಮೇಲೆ ಅಲೆಯೆಬ್ಬಿಸಿದರೆ ಗಾಳಿ ಸೇರಿ ಬಿಯರ್ ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ.

ಗಾಳಿಯ ಪಂಪ್ ಹಚ್ಚಿ ಯೀಸ್ಟಿಗೆ ಆಮ್ಲಜನಕ ಕೊಡಿ ಎಂಬುದು ಯಾವ ಪರಿಸ್ಥಿತಿಗೂ ಆಗದ ಸಲಹೆಗಳಲ್ಲಿ ಮೊದಲನೆಯದು. ಆಮ್ಲಜನಕ ಬೇಕಿದ್ದದ್ದು ಮೊದಲ ದಿನ. ಅರ್ಧ ಹುದುಗಿದ ಬಿಯರಿಗೆ ಕೊಟ್ಟರೆ ಯೀಸ್ಟ್ ಏಳುವುದಕ್ಕಿಂತ ಬಿಯರ್ ಹಾಳಾಗುವುದೇ ಬೇಗ.

ಬೆಲ್ಜಿಯಂನ ಡ್ಯೂಪಾಂಟ್ ಮೂಲದ ಸೈಸನ್ ಯೀಸ್ಟ್ (ವೈಯೀಸ್ಟ್ 3724ರಂಥದ್ದು) ಇಲ್ಲಿ ಬೇರೆಯೇ ಜಾಯಮಾನದ್ದು. 1.030–1.035ರ ಹತ್ತಿರ ಬಂದು ವಾರಗಟ್ಟಲೆ ಮೊಂಡು ಹಿಡಿಯುವುದು ಅದರ ಹೆಸರುವಾಸಿ ಚಾಳಿ. ಅದನ್ನು 30 ಡಿಗ್ರಿಗೋ ಇನ್ನೂ ತುಸು ಮೇಲಕ್ಕೋ ಒಯ್ದು, ಏರ್‌ಲಾಕ್ ತೆಗೆದು ಬರೀ ಫಾಯಿಲ್ ಮುಚ್ಚಿ ಒತ್ತಡ ಕಡಿಮೆ ಮಾಡಿ, ತಾಳ್ಮೆಯಿಂದಿದ್ದರೆ ತಾನಾಗಿ 1.005ರ ಆಸುಪಾಸಿಗೂ ಇಳಿಯುತ್ತದೆ. ಇದಕ್ಕೆ ಬೇರೆ ಮದ್ದು ಮಾಡುವುದು ಅವಸರ.

ಐದು ದಿನ ಬೆಚ್ಚಗಿಟ್ಟು ಕದಡಿದ ಮೇಲೂ ಒಂದು ಪಾಯಿಂಟೂ ಇಳಿಯದಿದ್ದರೆ ಈ ದಾರಿ ಮುಗಿಯಿತೆಂದು ಲೆಕ್ಕ. ಇನ್ನೂ ಹತ್ತು ದಿನ ಕಾದರೆ ಸಿಗುವುದು ಅದೇ ಅಂಕಿ.

ಪೋಷಕಾಂಶ ಮತ್ತು ಸಕ್ಕರೆ

ಇವೆರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೂರ್ತಿ ಮಾಲ್ಟ್‌ನಿಂದ ಮಾಡಿದ ವೋರ್ಟ್‌ನಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜೇನು ಅಥವಾ ಸಕ್ಕರೆಯ ಪಾಲು ದೊಡ್ಡದಾಗಿದ್ದ ರೆಸಿಪಿಗಳಲ್ಲಷ್ಟೇ ಕೊರತೆ ಬೀಳುತ್ತದೆ, ಅಲ್ಲೂ ಪೋಷಕಾಂಶ ಕೊಡಬೇಕಾದ್ದು ಮೊದಲ ದಿನಗಳಲ್ಲಿ. ಆಲ್ಕೋಹಾಲ್ ಏರಿದಂತೆ ಯೀಸ್ಟ್ ಅದನ್ನು ಒಳಗೆ ತೆಗೆದುಕೊಳ್ಳುವುದೇ ಕಷ್ಟ. ಹೊಸ ಯೀಸ್ಟಿನ ಜೊತೆಗೆ ಚಿಟಿಕೆಯಷ್ಟು ಹಾಕಿದರೆ ಅರ್ಥವಿದೆ, ಒಂಟಿಯಾಗಿ ಹಾಕಿದರೆ ಮನಸ್ಸಮಾಧಾನಕ್ಕೆ. ಹಾಕುವುದಿದ್ದರೂ ಪುಡಿಯನ್ನು ನೇರ ಉದುರಿಸಬೇಡಿ. ಗ್ಯಾಸ್ ತುಂಬಿದ ಬಿಯರಿಗೆ ಪುಡಿ ಬಿದ್ದ ಕ್ಷಣದಲ್ಲಿ ನೊರೆ ಬುಸ್ಸೆಂದು ಉಕ್ಕಿ ನೆಲಕ್ಕಿಳಿಯುತ್ತದೆ. ಕುದಿಸಿ ಆರಿಸಿದ ಅರ್ಧ ಲೋಟ ನೀರಲ್ಲಿ ಕರಗಿಸಿ ಸುರಿಯಿರಿ.

ಸ್ವಲ್ಪ ಸಕ್ಕರೆ ಹಾಕಿ ಯೀಸ್ಟನ್ನು ಎಬ್ಬಿಸಿ ಎಂಬುದು ಕೆಲಸಕ್ಕೆ ಬಾರದ ಎರಡನೆಯ ಸಲಹೆ. ಗುಳ್ಳೆಯೇನೋ ಬರುತ್ತದೆ, ಆ ಗುಳ್ಳೆ ಹೊಸ ಸಕ್ಕರೆಯದು. ಸುಲಭದ ಗ್ಲೂಕೋಸ್ ಸಿಕ್ಕಿದಾಗ ಯೀಸ್ಟ್ ಮಾಲ್ಟೋಸ್ ತಿನ್ನುವ ಏರ್ಪಾಟನ್ನು ಮುಚ್ಚಿಡುತ್ತದೆ. ಹಾಕಿದ ಸಕ್ಕರೆ ಮುಗಿದ ಮೇಲೆ ಮತ್ತೆ ಅದೇ 1.024.

ದಾರಿ ಎರಡು: ಹೊಸ ಯೀಸ್ಟ್

ಪರೀಕ್ಷೆಯ ಬಾಟಲಿ ಇಳಿದಿದೆ, ಫರ್ಮೆಂಟರ್ ಇಳಿದಿಲ್ಲ, ಬೆಚ್ಚಗೆ ಮಾಡಿದ್ದೂ ಫಲಿಸಲಿಲ್ಲ. ಹಾಗಿದ್ದರೆ ಒಳಗಿರುವ ಯೀಸ್ಟ್ ಸೋತಿದೆ. ಕಡಿಮೆ ಯೀಸ್ಟ್ ಹಾಕಿದ್ದರೋ, ಮೊದಲ ದಿನ ವೋರ್ಟ್‌ಗೆ ಸಾಕಷ್ಟು ಗಾಳಿ ಹಿಡಿಸಿರಲಿಲ್ಲವೋ, ಕೋಶಗಳ ಹೊರಪೊರೆಗೆ ಬೇಕಾದ ಸ್ಟೆರಾಲ್ ಮುಗಿದುಹೋಗಿದೆ. ಕೋಶ ಒಡೆದು ಎರಡಾದಾಗಲೆಲ್ಲ ಆ ದಾಸ್ತಾನೂ ಎರಡು ಪಾಲಾಗುತ್ತದೆ. ಪೊರೆ ದುರ್ಬಲವಾದ ಕೋಶ ಆಲ್ಕೋಹಾಲ್ ತಡೆಯಲಾರದು. ಕದಡಿದರೆ ಏಳುವ ಸ್ಥಿತಿಯಲ್ಲಿ ಅದಿರುವುದಿಲ್ಲ.

ಇಲ್ಲಿ ಮೂರು ಬಗೆಗಳಿವೆ. ಪೊಟ್ಟಣ ಕತ್ತರಿಸಿ ನೇರ ಉದುರಿಸುವುದು ಎಲ್ಲಕ್ಕಿಂತ ಸಲೀಸು, ಎಲ್ಲಕ್ಕಿಂತ ಹೆಚ್ಚು ಸೋಲುವುದೂ ಅದೇ. ಒಣ ಕೋಶ ನೀರು ಹೀರಿಕೊಳ್ಳುವ ಮೊದಲ ಕೆಲವು ನಿಮಿಷ ಅದರ ಪೊರೆಗೆ ಬೇಕು ಬೇಡ ಎಂಬ ತಡೆಯಿಲ್ಲ. ಸುತ್ತ ಶೇ. 5 ಆಲ್ಕೋಹಾಲ್ ಇದ್ದರೆ ಅದೂ ಒಳಗೆ ನುಗ್ಗುತ್ತದೆ. ಕನಿಷ್ಠ, ಯೀಸ್ಟಿನ ಹತ್ತು ಪಟ್ಟು ತೂಕದ 30–35 ಡಿಗ್ರಿ ನೀರಿನಲ್ಲಿ 15–20 ನಿಮಿಷ ನೆನೆಸಿ ಹಾಕಿ. ಆಲ್ಕೋಹಾಲ್ ಶೇ. 4ರೊಳಗಿದ್ದು ಐದಾರು ಪಾಯಿಂಟ್ ಮಾತ್ರ ಬಾಕಿಯಿದ್ದರೆ ಇಷ್ಟೇ ಸಾಕಾಗಬಹುದು.

ಅದಕ್ಕಿಂತ ಕಠಿಣ ಪ್ರಕರಣಕ್ಕೆ ಉಕ್ಕುತ್ತಿರುವ ಸ್ಟಾರ್ಟರ್ (ಮೊದಲೇ ಬೇರೆ ಬಾಟಲಿಯಲ್ಲಿ ಎಬ್ಬಿಸಿದ ಯೀಸ್ಟ್) ಬೇಕು. 20 ಲೀಟರ್ ಬಿಯರಿಗೆ: ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಮತ್ತು ಚಿಟಿಕೆ ಪೋಷಕಾಂಶ ಹಾಕಿ ಹತ್ತು ನಿಮಿಷ ಕುದಿಸಿ. ಗ್ರ್ಯಾವಿಟಿ 1.040ರ ಸುಮಾರಿಗೆ ಬರುತ್ತದೆ. 22–24 ಡಿಗ್ರಿಗೆ ಆರಿಸಿ, ಬಾಟಲಿ ಮುಚ್ಚಿ ನೊರೆ ಬರುವಷ್ಟು ಜೋರಾಗಿ ಕುಲುಕಿ. ಆಮ್ಲಜನಕ ಕೊಡಬೇಕಾದ ಜಾಗ ಇದು, ಬಿಯರ್ ಅಲ್ಲ. ಒಂದು ಪೊಟ್ಟಣ ಯೀಸ್ಟ್ ಹಾಕಿ 12–18 ಗಂಟೆ ಬಿಡಿ. ಮೇಲೆ ಕೆನೆಬಣ್ಣದ ನೊರೆ ಕಟ್ಟಿ, ಬಾಟಲಿಗೆ ಕಿವಿಯಿಟ್ಟರೆ ಸೋಡಾದ ಹಾಗೆ ಸಣ್ಣಗೆ ಸಿಸಿಗುಟ್ಟುತ್ತಿದ್ದರೆ ಹದ ಬಂತೆಂದು ತಿಳಿಯಿರಿ. ಈಗ ನಿಂತ ಬಿಯರಿನಿಂದ 250 ಮಿಲಿ ತೆಗೆದು ಸ್ಟಾರ್ಟರಿಗೆ ಸೇರಿಸಿ. ಮೂರು ನಾಲ್ಕು ಗಂಟೆ ಬಿಟ್ಟು ಇನ್ನೊಂದು ಅರ್ಧ ಲೀಟರ್. ಆಲ್ಕೋಹಾಲ್ ಮೆಲ್ಲಗೆ ಅಭ್ಯಾಸವಾಗಲಿ ಎಂದು ಈ ಉಪಚಾರ. ಮತ್ತೆ ನೊರೆಯೆದ್ದ ಕೂಡಲೇ, ಅದು ಇಳಿಯುವ ಮುಂಚೆ, ಪೂರ್ತಿ ಸ್ಟಾರ್ಟರನ್ನು ಫರ್ಮೆಂಟರಿನ ಗೋಡೆಗುಂಟ ಸದ್ದಿಲ್ಲದೆ ಇಳಿಸಿ. ಎರಡರ ತಾಪಮಾನದ ನಡುವೆ ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ಅಂತರ ಬೇಡ, ತಣ್ಣನೆ ಬಿಯರಿಗೆ ಬಿದ್ದ ಯೀಸ್ಟ್ ನೇರ ತಳ ಸೇರುತ್ತದೆ.

ಸ್ಟಾರ್ಟರ್ ಪೂರ್ತಿ ಹುದುಗಿ ಗಸಿ ಕೂತ ಮೇಲೆ ಹಾಕುವುದು ಸಾಮಾನ್ಯ ತಪ್ಪು. ಹೊಸ ಬ್ಯಾಚ್ ಶುರುಮಾಡಲು ಆ ಯೀಸ್ಟ್ ಚೆನ್ನ. ಇಲ್ಲಿ ಬೇಕಾದ್ದು ಓಡುತ್ತಿರುವ ಕುದುರೆ, ಲಾಯದಲ್ಲಿ ಮಲಗಿದ್ದಲ್ಲ.

ಮೂರನೆಯ ಬಗೆ ಇನ್ನೂ ಸುಲಭ, ಅನುಕೂಲ ಕೂಡಿಬಂದರೆ. ಪಕ್ಕದಲ್ಲಿ ಇನ್ನೊಂದು ಬ್ಯಾಚ್ ಎರಡನೇ ದಿನದ ಭರಾಟೆಯಲ್ಲಿದ್ದರೆ ಅದರಿಂದ ಎರಡು ಲೀಟರ್ ತೆಗೆದು ಇದಕ್ಕೆ ಹಾಕಿ. ಖರ್ಚು ಸೊನ್ನೆ, ಯೀಸ್ಟ್ ತನ್ನ ಕಸುವಿನ ತುದಿಯಲ್ಲಿರುತ್ತದೆ. ಆ ಬಿಯರಿನ ಬಣ್ಣ, ಕಹಿ ಇದಕ್ಕೆ ಒಗ್ಗುವಂತಿರಬೇಕು, ಅಷ್ಟೇ.

ಯಾವ ಜಾತಿ? ಯುಎಸ್-05, ನಾಟಿಂಗ್‌ಹ್ಯಾಮ್ ಇವೆರಡೂ ಸ್ವಚ್ಛ ರುಚಿಯವು, ಮಾಲ್ಟೋಟ್ರಯೋಸ್ ತಿನ್ನುತ್ತವೆ. ಬಿಯರಿನ ಮೂಲ ಯೀಸ್ಟಿನ ಗುಣ ಮೊದಲ ದಿನಗಳಲ್ಲೇ ಕೂತಿರುವುದರಿಂದ ಈಗ ಬೇರೆ ಜಾತಿ ಬಂದು ರುಚಿ ಕೆಡಿಸುವ ಭಯ ಕಡಿಮೆ. ಶಾಂಪೇನ್ ಯೀಸ್ಟಿನ ಹೆಸರು ಮಾತ್ರ ತಪ್ಪದೆ ಕೇಳಿಬರುತ್ತದೆ. ಇಸಿ-1118 ಎಂಬ ಆ ಯೀಸ್ಟ್ ಆಲ್ಕೋಹಾಲಿಗೆ ಜಗ್ಗುವುದಿಲ್ಲ ಎಂಬುದು ನಿಜವೇ. ಆದರೆ ಅದು ದ್ರಾಕ್ಷಿಯ ಸರಳ ಸಕ್ಕರೆಗೆ ಹುಟ್ಟಿದ್ದು. ನಿಂತ ಬಿಯರಿನಲ್ಲಿ ಉಳಿಯುವುದು ಬಹಳಷ್ಟು ಮಾಲ್ಟೋಟ್ರಯೋಸ್, ಅದು ಇದಕ್ಕೆ ದಕ್ಕುವುದಿಲ್ಲ. ಮೇಲಾಗಿ ಇದು ಕಿಲ್ಲರ್ ಜಾತಿ. ತಾನು ಸ್ರವಿಸುವ ವಿಷದಿಂದ ಉಳಿದಿದ್ದ ಏಲ್ ಯೀಸ್ಟನ್ನೂ ಕೊಲ್ಲುತ್ತದೆ. ಹಾಕಿದ ಮೇಲೆ ಏಲ್ ಯೀಸ್ಟ್ ತರುವ ದಾರಿಯೂ ಮುಚ್ಚಿತು. ಬಾಟಲಿಗೆ ತುಂಬುವಾಗ ಬಳಸುವ ಸಿಬಿಸಿ-1 ಯೀಸ್ಟಿನ ಕಥೆಯೂ ಇದೇ.

ದಾರಿ ಮೂರು: ಎಂಜೈಮ್, ಅಥವಾ ಎಂಜೈಮ್ ಹೊತ್ತ ಯೀಸ್ಟ್

ಪರೀಕ್ಷೆಯ ಬಾಟಲಿಯೂ 1.022ರಲ್ಲೇ ನಿಂತವರ ಸರದಿ ಈಗ. ಮ್ಯಾಶ್ 65–66 ಡಿಗ್ರಿಯ ಬದಲು 70–71ರಲ್ಲಿ ನಡೆದರೆ ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸುವ ಬೀಟಾ ಅಮೈಲೇಸ್ ಎಂಜೈಮ್ ಬೇಗ ಸತ್ತು, ಪಿಷ್ಟ ಯೀಸ್ಟ್ ತಿನ್ನಲಾಗದ ಉದ್ದುದ್ದ ಡೆಕ್ಸ್‌ಟ್ರಿನ್ ತುಂಡುಗಳಾಗಿ ಉಳಿಯುತ್ತದೆ. ಥರ್ಮಾಮೀಟರ್ ನಾಲ್ಕು ಡಿಗ್ರಿ ತಪ್ಪು ತೋರಿಸಿದರೂ ಆಗುವುದು ಇದೇ. ಈ ತುಂಡುಗಳನ್ನು ಕತ್ತರಿಸಲು ಗ್ಲೂಕೋಅಮೈಲೇಸ್ ಎಂಬ ಎಂಜೈಮ್ ಬೇಕು.

ಕೆಲಸವನ್ನು ಅದು ಮಾಡುತ್ತದೆ, ಅನುಮಾನವಿಲ್ಲ. ತೊಂದರೆಯೆಂದರೆ ಅದಕ್ಕೆ ನಿಲ್ಲುವುದು ಗೊತ್ತಿಲ್ಲ. ನಿಮಗೆ ಬೇಕಿದ್ದದ್ದು 1.014, ಅದು ಡೆಕ್ಸ್‌ಟ್ರಿನ್ ಇರುವವರೆಗೂ ಕತ್ತರಿಸಿ 1.000ದ ಸುತ್ತ ತಂದು ನಿಲ್ಲಿಸುತ್ತದೆ. 1.060ರ ಬಿಯರ್ ಶೇ. 6ರ ಬದಲು ಶೇ. 7.9 ಆಲ್ಕೋಹಾಲಿನ, ಮೈಯೇ ಇಲ್ಲದ, ಸಿಹಿಯುಳಿಯದ ಒಣ ಬಿಯರಾಗುತ್ತದೆ. ಅದಕ್ಕೆ ಹದ ಹಾಕಿದ್ದ ಹಾಪ್ಸ್‌ನ ಕಹಿ ಈಗ ಆಸರೆಯಿಲ್ಲದೆ ಎದ್ದು ನಾಲಗೆಗೆ ತಾಗುತ್ತದೆ. ದಪ್ಪ ಕಪ್ಪು ಬಿಯರಾದ ಸ್ಟೌಟ್‌ಗೆ ಇದನ್ನು ಹಾಕಿದರೆ ಸ್ಟೌಟ್ ಉಳಿಯುವುದಿಲ್ಲ. ಬ್ರೂಟ್ ಐಪಿಎಯಂತೆ ಒಣಗಿರಲೇಬೇಕಾದ ಬಿಯರುಗಳಿಗೆ ಚೆನ್ನ. ಹಾಕಿದರೆ ಗ್ರ್ಯಾವಿಟಿ ಎರಡು ವಾರ ಒಂದೇ ಕಡೆ ನಿಲ್ಲುವವರೆಗೂ ಪ್ಯಾಕ್ ಮಾಡುವ ಮಾತೆತ್ತಬೇಡಿ. ಫರ್ಮೆಂಟರಿನ ತಾಪಮಾನದಲ್ಲಿ ಅದು ನಿಧಾನವಾಗಿ ಕೆಲಸ ಮಾಡುತ್ತದೆ, ಬಾಟಲಿಯೊಳಗೂ ಮಾಡುತ್ತಲೇ ಇರುತ್ತದೆ.

ಬೆಲ್ ಸೈಸನ್‌ನಂಥ ಡಯಾಸ್ಟಾಟಿಕಸ್ ಯೀಸ್ಟ್ ಇದೇ ಎಂಜೈಮನ್ನು ತಾನೇ ಸ್ರವಿಸುತ್ತದೆ. ಫಲಿತಾಂಶವೂ ಅದೇ, ಜೊತೆಗೆ ಒಂದಿಷ್ಟು ಕಾಳುಮೆಣಸಿನ ಘಮ. ಆದರೆ ಇದರ ಬೆಲೆ ಈ ಬ್ಯಾಚಿಗೆ ಮುಗಿಯುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನ ಗೀರುಗಳಲ್ಲೋ ರಬ್ಬರ್ ಟ್ಯೂಬಿನಲ್ಲೋ ನಾಲ್ಕು ಕೋಶ ಉಳಿದರೆ ಸಾಕು, ಮುಂದಿನ ಬ್ಯಾಚುಗಳು ಬಾಟಲಿಯಲ್ಲಿ ಒಂದೆರಡು ತಿಂಗಳ ನಂತರ ಉಕ್ಕತೊಡಗುತ್ತವೆ. ಸ್ಟೀಲ್ ಪಾತ್ರೆ ಇದ್ದು, ಟ್ಯೂಬ್ ಬಿಸಾಡಲು ಸಿದ್ಧರಿದ್ದರೆ ಮಾತ್ರ ಈ ಕಡೆ ಬನ್ನಿ.

ಪುಡಿ ಮಾಡಿದ ಮಾಲ್ಟನ್ನು ಹಿಡಿಯಷ್ಟು ಬಿಯರಿಗೆ ಹಾಕಿ ಅದರ ಎಂಜೈಮ್ ಬಳಸಿಕೊಳ್ಳುವ ಉಪಾಯವೂ ಚಾಲ್ತಿಯಲ್ಲಿದೆ. ಕಾಳಿನ ಸಿಪ್ಪೆಯ ಮೇಲೆ ಹುಳಿ ಹಿಡಿಸುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತದೆ. ಹುಳಿ ಬಿಯರ್ ಬೇಕಿದ್ದವರು ಪ್ರಯತ್ನಿಸಬಹುದು.

ದಾರಿ ನಾಲ್ಕು: ಇದ್ದ ಹಾಗೆ ಒಪ್ಪಿಕೊಳ್ಳುವುದು

ವೋರ್ಟಿನ ತಪ್ಪಾದಾಗ ಬಹುಪಾಲು ಮಂದಿಗೆ ಇದೇ ಸರಿಯಾದ ದಾರಿ, ಸೋಲಿನ ದಾರಿಯೇನಲ್ಲ. 1.022ರ ಬಿಯರ್ ತುಸು ದಪ್ಪ, ತುಸು ಕಡಿಮೆ ಆಲ್ಕೋಹಾಲ್. ಕಪ್ಪು ಬಿಯರಿನಲ್ಲಿ ಅದು ಗುಣವಾಗಿಯೇ ಕಂಡೀತು. ಡೆಕ್ಸ್‌ಟ್ರಿನ್ ಸಕ್ಕರೆಯಷ್ಟು ಸಿಹಿಯಲ್ಲ, ಹಾಗಾಗಿ ಅಂಕಿ ಹೆದರಿಸುವಷ್ಟು ರುಚಿ ಹೆದರಿಸುವುದಿಲ್ಲ. ಅಳೆದ ಸ್ಯಾಂಪಲನ್ನು ಕುಡಿದು ನೋಡಿ. ಬಾಯಿಗೆ ಅಂಟುವ ಸಿಹಿ ಇದ್ದರೆ ಹುದುಗಬಲ್ಲ ಸಕ್ಕರೆ ಉಳಿದಿರುವ ಸಂಭವ ಹೆಚ್ಚು; ಬರೀ ದಪ್ಪ ಅನಿಸಿದರೆ ಡೆಕ್ಸ್‌ಟ್ರಿನ್. ತಿಳಿ ಬಣ್ಣದ ಬಿಯರ್ ಸಪ್ಪೆಯಾಗಿ ದಪ್ಪವೆನಿಸಿದರೆ, ಇದೇ ಬಗೆಯದನ್ನು 63–64 ಡಿಗ್ರಿ ಮ್ಯಾಶಿನಲ್ಲಿ ಒಣಗುವಂತೆ ಮಾಡಿ, ಅರ್ಧರ್ಧ ಬೆರೆಸಬಹುದು. ಎರಡು ಬ್ಯಾಚ್ ಕೂಡಿಸಿ ಇಡಲು ಕೆಗ್ ಇರುವವರಿಗೆ ಇದು ಸುಲಭ.

ಕೆಗ್ಗೋ ಬಾಟಲಿಯೋ ಎಂಬುದು ಎಲ್ಲಕ್ಕಿಂತ ಖಡಾಖಂಡಿತವಾಗಿ ತೀರ್ಮಾನಿಸುವುದು ಇಲ್ಲೇ. ಕೆಗ್‌ನವರಿಗೆ ಯೀಸ್ಟಿನ ತಪ್ಪಾದರೂ ವಿನಾಯಿತಿ ಇದೆ. 2–4 ಡಿಗ್ರಿಯಲ್ಲಿಟ್ಟರೆ ಯೀಸ್ಟ್ ಮಲಗಿಯೇ ಇರುತ್ತದೆ, ಒತ್ತಡ ಹೆಚ್ಚಿದರೆ ಬಿಡಿಸಲು ವಾಲ್ವ್ ಇದೆ. ಬಾಟಲಿಯವರಿಗೆ ವಾಲ್ವ್ ಇಲ್ಲ. ಲೆಕ್ಕ ಹಾಕಿ ನೋಡಿ. 20 ಲೀಟರಿಗೆ ಪ್ರೈಮಿಂಗ್‌ಗೆಂದು (ಬಾಟಲಿಯಲ್ಲಿ ಗ್ಯಾಸ್ ಹುಟ್ಟಿಸಲು) 120 ಗ್ರಾಂ ಸಕ್ಕರೆ ಹಾಕಿದರೆ ಅದು 1.5 ವಾಲ್ಯೂಮ್ (ಬಿಯರಿನ ಒಂದೂವರೆ ಪಟ್ಟು ಗಾತ್ರದ) ಗ್ಯಾಸ್ ಕೊಡುತ್ತದೆ. ಬಿಯರಿನಲ್ಲಿ ಮೊದಲೇ ಕರಗಿದ್ದ 0.85 ಸೇರಿ ಸುಮಾರು 2.4. ಇದರ ಮೇಲೆ ಹುದುಗದೆ ಉಳಿದ ಒಂದೊಂದು ಪಾಯಿಂಟೂ ಅರ್ಧ ವಾಲ್ಯೂಮ್‌ನಷ್ಟು ಸೇರಿಸುತ್ತದೆ. ಎಂಟು ಪಾಯಿಂಟ್ ಬಾಟಲಿಯಲ್ಲಿ ಎಚ್ಚೆತ್ತರೆ ನಾಲ್ಕು ವಾಲ್ಯೂಮ್, ಒಟ್ಟು ಆರು ದಾಟಿತು. ಮಾಮೂಲಿ ಬಿಯರ್ ಬಾಟಲಿ ಮೂರು ಮೂರೂವರೆಗಿಂತ ಹೆಚ್ಚಿಗೆ ಮಾಡಿದ್ದಲ್ಲ. ಪ್ರೈಮಿಂಗ್ ಸಕ್ಕರೆ ಬಿಟ್ಟು, ಉಳಿದ ಪಾಯಿಂಟ್‌ಗಳೇ ಗ್ಯಾಸ್ ಕೊಡಲಿ ಎಂಬ ಜಾಣತನವೂ ಇಲ್ಲಿ ನಡೆಯದು. ಹಾಗಾಗಿ ಬಾಟಲಿಯವರು ಒಪ್ಪಿಕೊಳ್ಳುವ ದಾರಿ ಹಿಡಿಯಬಹುದಾದ್ದು ಪರೀಕ್ಷೆಯ ಬಾಟಲಿಯ ಅಂಕಿಗೂ ಫರ್ಮೆಂಟರಿನ ಅಂಕಿಗೂ ಒಂದು ಪಾಯಿಂಟಿಗಿಂತ ಹೆಚ್ಚು ಅಂತರ ಇಲ್ಲದಿದ್ದಾಗ ಮಾತ್ರ.

ನಿಮ್ಮ ಬಿಯರ್ ಯಾವ ಸಾಲಿನಲ್ಲಿದೆ?

ಎಸ್-04 ಹಾಕಿದ ಸಾಧಾರಣ ಏಲ್, ಆರು ಪಾಯಿಂಟ್ ಬಾಕಿ, ರಾತ್ರಿ ಚಳಿ ಬಿದ್ದಿತ್ತು ಎಂದಾದರೆ ಬೆಚ್ಚಗೆ ಮಾಡಿ ಕದಡಿ, ಪೊಟ್ಟಣ ಕತ್ತರಿಸಬೇಡಿ. 1.090ರಲ್ಲಿ ಶುರುವಾದ ಭಾರೀ ಬಿಯರಿಗೆ ಒಂದೇ ಪೊಟ್ಟಣ ಹಾಕಿ ಅದು 1.040ರಲ್ಲಿ ನಿಂತಿದ್ದರೆ ಈಗಲೇ ಶೇ. 6.5ರಷ್ಟು ಆಲ್ಕೋಹಾಲ್ ಇದೆ. ಐದು ದಿನ ಕದಡುತ್ತ ಕೂರದೆ ಮೊದಲ ದಿನವೇ ಸ್ಟಾರ್ಟರ್ ಶುರುಮಾಡಿ, ಎರಡು ಪೊಟ್ಟಣ, ಎರಡು ಲೀಟರ್. ಮಾಲ್ಟ್ ಎಕ್ಸ್‌ಟ್ರಾಕ್ಟಿನಿಂದ ಮಾಡಿದ್ದು 1.020ರಲ್ಲಿ ನಿಂತು ಪರೀಕ್ಷೆಯ ಬಾಟಲಿಯೂ ಅಲ್ಲೇ ನಿಂತರೆ ಅದು ಎಕ್ಸ್‌ಟ್ರಾಕ್ಟಿನದೇ ಮಿತಿ, ಬಾಟಲಿಗೆ ತುಂಬಿ. ಲಾಗರ್ 10 ಡಿಗ್ರಿಯಲ್ಲಿ ನಾಲ್ಕು ಪಾಯಿಂಟ್ ಮೇಲೆ ನಿಂತಿದ್ದರೆ 17ಕ್ಕೆ ಏರಿಸಿ ಒಂದು ವಾರ ಮರೆತುಬಿಡಿ, ಬೆಣ್ಣೆಯ ವಾಸನೆ ಇದ್ದರೆ ಅದೂ ಹೋಗುತ್ತದೆ.

ಯಾವ ದಾರಿ ಹಿಡಿದು ಇಳಿಸಿದರೂ ತುಂಬುವ ದಿನ ಒಂದು ಅರ್ಧ ಲೀಟರಿನ ಪ್ಲಾಸ್ಟಿಕ್ ಸೋಡಾ ಬಾಟಲಿಗೂ ತುಂಬಿ ಉಳಿದವುಗಳ ಜೊತೆಗೇ ಇಡಿ. ದಿನಕ್ಕೊಮ್ಮೆ ಹಿಸುಕಿ ನೋಡಿ. ವಾರ ಹತ್ತು ದಿನಕ್ಕೆ ಅಂಗಡಿಯ ಸೋಡಾದಷ್ಟು ಗಟ್ಟಿಯಾಗುವುದು ಸರಿ. ತಳ ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲದೆ ಅಲ್ಲಾಡತೊಡಗಿದರೆ ಗಾಜಿನವೂ ಅದೇ ಸ್ಥಿತಿಯಲ್ಲಿವೆ. ಎಲ್ಲವನ್ನೂ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಪೂರ್ತಿ ತಣ್ಣಗಾದ ಮೇಲೆ ದಪ್ಪ ಬಟ್ಟೆ ಸುತ್ತಿ ಒಂದೊಂದಾಗಿ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ.